ಬಿಸಿಲಲ್ಲಿ ಆಡಿ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆಯೇ?

ಮಾರ್ಚ್ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಹಳೆಯ ಸಂದೇಶ ಮತ್ತೆ ಓಡಾಡಲು ಶುರುವಾಗುತ್ತದೆ. ಈ ಸಲ ಚಿಂತಾಮಣಿಯ ಓದುಗರೊಬ್ಬರು ಅದನ್ನು ನಮಗೆ ಕಳಿಸಿ, "ಮಗ ದಿನಾ ಸಂಜೆ ಕ್ರಿಕೆಟ್ ಆಡಿ ಬಂದು ಫ್ರಿಜ್ ನೀರು ಕುಡಿಯುತ್ತಾನೆ. ಇದು ನಿಜವಾ?" ಎಂದು ಕೇಳಿದ್ದಾರೆ. ಬೇಸಿಗೆ ರಜೆಯಲ್ಲಿ ಊರೂರಿಗೆ ಟೆನಿಸ್ ಬಾಲ್ ಟೂರ್ನಿ, ಕಬಡ್ಡಿ, ವಾಲಿಬಾಲ್ ನಡೆಯುತ್ತವೆ. ಪೊಲೀಸ್ ನೇಮಕಾತಿಗೆ ಓಟದ ಅಭ್ಯಾಸ ಮಾಡುವ ಹುಡುಗರಿದ್ದಾರೆ. ಭಾನುವಾರ ಕೈಲಾಸಗಿರಿ, ಅಂಬಾಜಿದುರ್ಗ, ಸ್ಕಂದಗಿರಿ, ನಂದಿ ಬೆಟ್ಟ ಹತ್ತುವವರಿದ್ದಾರೆ. ಹಾಗಾಗಿ ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರ ಹುಡುಕಿದ್ದೇವೆ.

ಸಂದೇಶದಲ್ಲಿ ಏನಿದೆ?

ಪದಗಳು ಆಗಾಗ ಬದಲಾಗುತ್ತವೆ, ತಿರುಳು ಒಂದೇ. ಬಿಸಿಲು 38 ಅಥವಾ 40 ಡಿಗ್ರಿ ಮುಟ್ಟಿದಾಗ ತಣ್ಣೀರು ಕುಡಿದರೆ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಹೊರಗಿನಿಂದ ಬಂದ ಕೂಡಲೇ ಕೈಕಾಲು ತೊಳೆಯಬಾರದು, ಅರ್ಧ ಗಂಟೆ ಕಾಯಬೇಕು. ಯಾರೋ ಒಬ್ಬರು ಬಿಸಿಲಿಂದ ಬಂದು ತಕ್ಷಣ ಸ್ನಾನ ಮಾಡಿ ದವಡೆ ಹಿಡಿದುಕೊಂಡು ಪಾರ್ಶ್ವವಾಯುವಿಗೆ ತುತ್ತಾದರು. ಕೊನೆಗೆ, "ಎಲ್ಲರಿಗೂ ಕಳಿಸಿ, ಜೀವ ಉಳಿಸಿ."

ಆ ವ್ಯಕ್ತಿ ಯಾರು, ಯಾವ ಊರು, ಯಾವ ವರ್ಷ ಎಂಬುದು ಯಾವ ಆವೃತ್ತಿಯಲ್ಲೂ ಇಲ್ಲ.

ನಮ್ಮ ಉತ್ತರ ಚಿಕ್ಕದಾಗಿ

ಸುಳ್ಳು. ಆರೋಗ್ಯವಂತರು ಆಡಿ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುವುದಿಲ್ಲ. ಆದರೆ ಈ ಸಂದೇಶವನ್ನು ಬರೀ ಸುಳ್ಳು ಎಂದು ಬಿಟ್ಟುಬಿಡುವ ಹಾಗಿಲ್ಲ. ಬಿಸಿಲಾಘಾತವಾದ ವ್ಯಕ್ತಿಯ ಜೀವ ಉಳಿಸುವುದೇ ತಣ್ಣೀರು. ಅಂಥ ಹೊತ್ತಿನಲ್ಲಿ ಈ ಮಾತು ನಂಬಿ ಅರ್ಧ ಗಂಟೆ ಕಾದರೆ ಜೀವವೇ ಹೋಗಬಹುದು.

ತಣ್ಣೀರು ಒಳಗೆ ಹೋದಾಗ ಆಗುವುದೇನು?

ಒಂದು ಸಣ್ಣ ಲೆಕ್ಕ ಮಾಡೋಣ. ಫ್ರಿಜ್‌ನಿಂದ ತೆಗೆದ 5 ಡಿಗ್ರಿಯ ಒಂದು ಲೋಟ ನೀರು, ಅಂದರೆ 250 ಮಿಲಿ ಲೀಟರ್. ಅದು ದೇಹದ 37 ಡಿಗ್ರಿಗೆ ಬರಲು 8 ಕಿಲೋ ಕ್ಯಾಲರಿ ಶಾಖ ಬೇಕು. 60 ಕೆ.ಜಿ. ತೂಕದ ದೇಹದ ಉಷ್ಣತೆ ಒಂದು ಡಿಗ್ರಿ ಇಳಿಯಬೇಕಾದರೆ ಸುಮಾರು 50 ಕಿಲೋ ಕ್ಯಾಲರಿ ಹೊರಹೋಗಬೇಕು. ಅಂದರೆ ಒಂದು ಲೋಟ ಫ್ರಿಜ್ ನೀರಿನಿಂದ ಮೈಯ ಉಷ್ಣತೆ ಇಳಿಯುವುದು 0.2 ಡಿಗ್ರಿಗಿಂತಲೂ ಕಡಿಮೆ. ಬಾಯಿ, ಗಂಟಲು, ಹೊಟ್ಟೆಯಲ್ಲೇ ನೀರು ಬೆಚ್ಚಗಾಗುತ್ತಾ ಹೋಗುತ್ತದೆ.

ತಣ್ಣೀರು ಚರ್ಮಕ್ಕೆ ತಗುಲಿದಾಗ ಅಲ್ಲಿನ ರಕ್ತನಾಳಗಳು ಸಂಕುಚಿಸುವುದು ನಿಜ. ಡಿಸೆಂಬರ್‌ನ ಬೆಳಗ್ಗೆ ತಣ್ಣೀರಲ್ಲಿ ಮುಖ ತೊಳೆದಾಗಲೂ ಹಾಗೇ ಆಗುತ್ತದೆ. ಸಂಕುಚಿಸುವುದು ಬೇರೆ, ಒಡೆಯುವುದು ಬೇರೆ. ಪಾರ್ಶ್ವವಾಯು ಬರುವುದು ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದಾಗ, ಇಲ್ಲವೇ ಆ ನಾಳ ಒಡೆದಾಗ. ಇದರ ಹಿಂದೆ ಹೆಚ್ಚಾಗಿ ಇರುವುದು ವರ್ಷಗಟ್ಟಲೆ ಹಿಡಿತಕ್ಕೆ ಬಾರದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ. ಒಂದು ಲೋಟ ನೀರಲ್ಲ.

ಸಂದೇಶದಲ್ಲಿ ನಿಜದ ಒಂದು ಚೂರು ಇದೆ. ತುಂಬಾ ತಣ್ಣಗಿನ ನೀರನ್ನು ಗಟಗಟ ಕುಡಿದರೆ ಕೆಲವರಿಗೆ ಹಣೆಯಲ್ಲಿ ಚುಚ್ಚಿದಂತೆ ನೋವು ಬಂದು ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ಒಮ್ಮೆಗೇ ಲೀಟರ್‌ಗಟ್ಟಲೆ ಕುಡಿದರೆ ಹೊಟ್ಟೆ ಹಿಡಿದುಕೊಳ್ಳಬಹುದು. ಮೈಮೇಲೆ ಹಠಾತ್ತನೆ ತೀರಾ ತಣ್ಣಗಿನ ನೀರು ಬಿದ್ದರೆ ರಕ್ತದೊತ್ತಡ ಸ್ವಲ್ಪ ಹೊತ್ತು ಏರುತ್ತದೆ. ಹೃದಯದ ಕಾಯಿಲೆ ಇರುವವರು ಇದರ ಬಗ್ಗೆ ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು.

ಆದರೆ ನೀರು ಕುಡಿದು ಕುಸಿದವರನ್ನು ನಾವೇ ನೋಡಿದ್ದೇವಲ್ಲ?

ನೋಡಿರಬಹುದು. ಕಾರಣ ಮಾತ್ರ ಬೇರೆ. ಓಡುವಾಗ ಕಾಲಿನ ಸ್ನಾಯುಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಗೆರೆ ಮುಟ್ಟಿದ ಕೂಡಲೇ ಗಕ್ಕನೆ ನಿಂತರೆ ಆ ಪಂಪು ನಿಲ್ಲುತ್ತದೆ. ಬಿಸಿಗೆ ಹಿಗ್ಗಿದ ರಕ್ತನಾಳಗಳಲ್ಲಿ ರಕ್ತ ಕಾಲಿನ ಕಡೆಗೇ ಉಳಿಯುತ್ತದೆ. ಮೆದುಳಿಗೆ ಹೋಗುವ ರಕ್ತ ಕಡಿಮೆಯಾಗಿ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಓಟ ಮುಗಿಸಿದವರು ಮೊದಲು ಮಾಡುವ ಕೆಲಸ ನೀರು ಕುಡಿಯುವುದು. ಹಾಗಾಗಿ ನೋಡಿದವರ ಕಣ್ಣಿಗೆ ತಪ್ಪು ನೀರಿನದಾಗಿ ಕಾಣುತ್ತದೆ.

ಇದಕ್ಕೆ ಪರಿಹಾರ ಸುಲಭ. ಓಡಿದ ಮೇಲೆ ಐದಾರು ನಿಮಿಷ ನಿಧಾನವಾಗಿ ನಡೆಯಿರಿ. ನಡೆಯುತ್ತಲೇ ನೀರು ಕುಡಿಯಿರಿ.

ನಮ್ಮೂರಲ್ಲಿ 40 ಡಿಗ್ರಿ ಬರುವುದೇ ಅಪರೂಪ, ಭಯ ಯಾಕೆ?

ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದಾಗ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಘೋಷಿಸುತ್ತದೆ. ಸಮುದ್ರ ಮಟ್ಟದಿಂದ ಸುಮಾರು 860 ಮೀಟರ್ ಎತ್ತರದಲ್ಲಿರುವ ಚಿಂತಾಮಣಿಯಲ್ಲಿ ಅಂಥ ದಿನಗಳು ಕಡಿಮೆ. ಆದರೆ ಆ ಅಳತೆ ನೆರಳಿನಲ್ಲಿಟ್ಟ ಉಷ್ಣಮಾಪಕದ್ದು. ಆಡುವವರಿಗೆ ಶಾಖ ಹೊರಗಿನಿಂದ ಮಾತ್ರವಲ್ಲ, ಒಳಗಿನಿಂದಲೂ ಬರುತ್ತದೆ.

ನಾವು ಓಡುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಶಾಖವಾಗಿಬಿಡುತ್ತದೆ. 60 ಕೆ.ಜಿ.ಯ ಒಬ್ಬರು ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡುತ್ತಿದ್ದಾರೆ ಎಂದುಕೊಳ್ಳಿ. ಆ ಶಾಖ ಹೊರಹೋಗದೆ ಒಳಗೇ ಉಳಿದರೆ ಆರೇಳು ನಿಮಿಷಕ್ಕೊಂದು ಡಿಗ್ರಿಯಂತೆ ಮೈ ಕಾಯುತ್ತದೆ. ಹಾಗಾಗದಂತೆ ತಡೆಯುವುದು ಬೆವರು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಮಳೆ ಬಂದು ಬಿಟ್ಟ ಸೆಕೆಯಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಹರಿದು ಹೋಗುತ್ತದೆ. ಆಗ 32 ಡಿಗ್ರಿಯಲ್ಲೂ ಓಟಗಾರರಿಗೆ ಬಿಸಿಲಾಘಾತ ಆಗಬಹುದು.

ನಮ್ಮ ಕಡೆಯ ಬೆಟ್ಟಗಳು ಬರೀ ಬಂಡೆ. ಹಗಲೆಲ್ಲ ಕಾದ ಬಂಡೆ ಸಂಜೆಯವರೆಗೂ ಶಾಖ ಬಿಡುತ್ತಿರುತ್ತದೆ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿ ಚಿಂತಾಮಣಿಗಿಂತ ಸುಮಾರು 4 ಡಿಗ್ರಿ ತಂಪಾಗಿರುತ್ತದೆ ನಿಜ. ಆದರೆ ಮಧ್ಯಾಹ್ನ ನೆರಳಿಲ್ಲದ ಬಂಡೆ ಹತ್ತುವಾಗ ಆ ತಂಪು ನೆರವಿಗೆ ಬರುವುದಿಲ್ಲ.

ಬಿಸಿಲಾಘಾತ: ಗುರುತಿಸುವುದು ಹೇಗೆ, ಮಾಡುವುದೇನು?

ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಮೆದುಳು ಹಿಡಿತ ತಪ್ಪುವುದೇ ಬಿಸಿಲಾಘಾತ. ಆಡುತ್ತಿದ್ದವರು ಸಂಬಂಧವಿಲ್ಲದ ಮಾತಾಡುವುದು, ಸಿಡಿಮಿಡಿಗೊಳ್ಳುವುದು, ತೂರಾಡುವುದು, ಫಿಟ್ಸ್ ಬರುವುದು, ಪ್ರಜ್ಞೆ ತಪ್ಪುವುದು ಇದರ ಲಕ್ಷಣ. "ಬೆವರು ನಿಂತರೆ ಮಾತ್ರ ಬಿಸಿಲಾಘಾತ" ಎಂಬ ಮಾತನ್ನು ನಂಬಬೇಡಿ. ಆಡುವಾಗ ಬಿಸಿಲಾಘಾತವಾದವರ ಮೈ ಬೆವರಿನಿಂದ ತೊಯ್ದಿರಲೂಬಹುದು.

ಮಾಡಬೇಕಾದ್ದು:

1. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬೇಡಿ.
2. ನೆರಳಿಗೆ ತಂದು ಬೂಟು, ಪ್ಯಾಡು, ದಪ್ಪ ಬಟ್ಟೆ ಬಿಚ್ಚಿ.
3. ಕತ್ತಿನವರೆಗೆ ತಣ್ಣೀರಲ್ಲಿ ಮುಳುಗಿಸುವುದು ಎಲ್ಲಕ್ಕಿಂತ ಉತ್ತಮ. ನೀರಿನ ತೊಟ್ಟಿ ಇಲ್ಲದಿದ್ದರೆ ಟಾರ್ಪಾಲಿನ ನಾಲ್ಕೂ ಅಂಚು ಎತ್ತಿ ಹಿಡಿದು ಅದರಲ್ಲಿ ಮಲಗಿಸಿ ನೀರು, ಐಸು ಸುರಿಯಿರಿ. ತಲೆಯನ್ನು ಒಬ್ಬರು ಮೇಲೆತ್ತಿ ಹಿಡಿದಿರಲೇಬೇಕು.
4. ಅದೂ ಇಲ್ಲವೆಂದರೆ ಬೋರ್‌ವೆಲ್ ಪೈಪಿನಿಂದ ಮೈಮೇಲೆ ನೀರು ಬಿಡುತ್ತಲೇ ಇರಿ, ಗಾಳಿ ಬೀಸಿ, ಒದ್ದೆ ಟವೆಲ್ ಬದಲಿಸುತ್ತಿರಿ.
5. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗಬಹುದು. ಜ್ವರದ ಮಾತ್ರೆ ಕೊಡಬೇಡಿ. ಇದು ಜ್ವರವಲ್ಲ, ಮಾತ್ರೆಯಿಂದ ಇಳಿಯುವುದಿಲ್ಲ.

ಗುರಿ ಒಂದೇ: ಮೊದಲ ಅರ್ಧ ಗಂಟೆಯೊಳಗೆ ಮೈ ತಂಪಾಗಬೇಕು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ರತಿ ಬೇಸಿಗೆಯಲ್ಲಿ ಫಾಲ್ಮೌತ್ ಎಂಬ ಓಟದ ಸ್ಪರ್ಧೆ ನಡೆಯುತ್ತದೆ. ಅಲ್ಲಿನ 18 ವರ್ಷಗಳ ದಾಖಲೆಯನ್ನು ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಬಿಸಿಲಾಘಾತವಾದ 274 ಪ್ರಕರಣಗಳಲ್ಲಿ ಓಟಗಾರರನ್ನು ತಕ್ಷಣ ತಣ್ಣೀರಲ್ಲಿ ಮುಳುಗಿಸಲಾಗಿತ್ತು. ಒಬ್ಬರೂ ಸಾಯಲಿಲ್ಲ. ಸಂದೇಶ ಹೇಳುವಂತೆ ತಣ್ಣೀರಿನಿಂದ ರಕ್ತನಾಳ ಒಡೆಯುವುದಾಗಿದ್ದರೆ ಮೊದಲು ಕಾಣಬೇಕಾಗಿದ್ದು ಅಲ್ಲಿಯೇ.

ಜೊತೆಗೆ ಬರುವ ಇತರ ಸಂದೇಶಗಳು

"ಜಾಕೆಟ್ ಹಾಕಿ ಓಡಿದರೆ ಬೇಗ ಕೊಬ್ಬು ಕರಗುತ್ತದೆ." ಸುಳ್ಳು. ಇಳಿಯುವುದು ನೀರಿನ ತೂಕ, ಎರಡು ಲೋಟ ನೀರು ಕುಡಿದರೆ ವಾಪಸ್ ಬರುತ್ತದೆ. ಬೆವರು ಆರಲು ಬಿಡದ ಜಾಕೆಟ್ ಬಿಸಿಲಾಘಾತಕ್ಕೆ ಹತ್ತಿರದ ದಾರಿ.

"ಎಷ್ಟು ನೀರು ಕುಡಿದರೆ ಅಷ್ಟು ಒಳ್ಳೆಯದು." ಇದೂ ತಪ್ಪು. ಗಂಟೆಗಟ್ಟಲೆ ಓಡುತ್ತಾ ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯುತ್ತಲೇ ಇದ್ದರೆ ರಕ್ತದಲ್ಲಿನ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಬಾಯಾರಿದಾಗ ಕುಡಿಯಿರಿ, ಬಲವಂತಕ್ಕೆ ಕುಡಿಯಬೇಡಿ.

"ಈಕ್ವಿನಾಕ್ಸ್ ಬಂದಿದೆ, ಐದು ದಿನ 40 ಡಿಗ್ರಿ, ಹೊರಗೆ ಬರಬೇಡಿ." ಸುಳ್ಳು. ಹಗಲು, ರಾತ್ರಿ ಹೆಚ್ಚುಕಡಿಮೆ ಸಮನಾಗುವ ಈ ದಿನ ವರ್ಷಕ್ಕೆರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಅದರಿಂದ ಬಿಸಿಲು ಹಠಾತ್ತನೆ ಏರುವುದಿಲ್ಲ. ಚಿಂತಾಮಣಿಯಲ್ಲಿ ಸೂರ್ಯ ನೆತ್ತಿಯ ನೇರಕ್ಕೆ ಬರುವುದು ಏಪ್ರಿಲ್ ಕೊನೆಯ ವಾರ, ಮತ್ತೆ ಆಗಸ್ಟ್ ಮಧ್ಯದಲ್ಲಿ. ಆಗಸ್ಟ್‌ನಲ್ಲಿ ಮೋಡ, ಮಳೆ ಇರುವುದರಿಂದ ನಮಗದು ಗೊತ್ತೇ ಆಗುವುದಿಲ್ಲ.

"ಜೇಬಲ್ಲಿ ಈರುಳ್ಳಿ ಇದ್ದರೆ ಬಿಸಿಲು ತಟ್ಟಲ್ಲ." ಈರುಳ್ಳಿ ಬಿಸಿಲನ್ನು ತಡೆಯುವುದಿಲ್ಲ. ಜೇಬಿನಲ್ಲಿಟ್ಟದ್ದನ್ನು ಸಂಜೆ ಸಾರಿಗೆ ಹಾಕಬಹುದು, ಅಷ್ಟೇ.

ನಿಜವಾಗಿ ಹೆದರಬೇಕಾದ್ದು ಆಳದ ನೀರಿಗೆ

ಆಡಿ ದಣಿದ ಹುಡುಗರು ಹೊರಡುವುದು ಫ್ರಿಜ್ ಕಡೆಗೆ ಮಾತ್ರವಲ್ಲ, ಕೆರೆ, ಕ್ವಾರಿ ಗುಂಡಿ, ಕೃಷಿ ಹೊಂಡದ ಕಡೆಗೂ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ಒಣಗಿದ್ದ ಎಷ್ಟೋ ಕೆರೆಗಳಿಗೆ 2018ರಿಂದೀಚೆಗೆ ಕೆ.ಸಿ. ವ್ಯಾಲಿ, ನಂತರ ಎಚ್.ಎನ್. ವ್ಯಾಲಿ ಯೋಜನೆಗಳ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದಿದೆ. ಕೆರೆಯಲ್ಲಿ ನೀರೇ ನೋಡದೆ ಬೆಳೆದ ಮಕ್ಕಳಿಗೆ ಈಜು ಬರುವುದಿಲ್ಲ. ಮಣ್ಣು ತೆಗೆದ ಗುಂಡಿ ಎಲ್ಲಿದೆ ಎಂಬುದೂ ಮೇಲಿನಿಂದ ಕಾಣುವುದಿಲ್ಲ.

ಕೃಷಿ ಹೊಂಡ ಇನ್ನೂ ಮೋಸ. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ. ಈಜು ಬಲ್ಲವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಒಬ್ಬನನ್ನು ಉಳಿಸಲು ಇಳಿದ ಇನ್ನೊಬ್ಬನೂ ಮುಳುಗುವುದು ಹೀಗೆಯೇ. ಯಾರಾದರೂ ಬಿದ್ದರೆ ಹಾರಬೇಡಿ. ಹಗ್ಗ, ಸೀರೆ, ಉದ್ದನೆಯ ಗಳು ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆದರೂ ಅದನ್ನು ಹಿಡಿದು ತೇಲಬಹುದು. ಹೊಂಡ ಇರುವ ರೈತರು ಸುತ್ತ ಬೇಲಿ ಹಾಕಿ, ಒಳಗೆ ಗಂಟು ಹಾಕಿದ ಹಗ್ಗವೊಂದನ್ನು ಯಾವಾಗಲೂ ಇಳಿಬಿಟ್ಟಿರಿ.

ಆಟಕ್ಕೆ ಹೊರಡುವ ಮುನ್ನ

ಬೆಳಗ್ಗೆ 9ರೊಳಗೆ, ಇಲ್ಲವೇ ಸಂಜೆ 5ರ ಮೇಲೆ ಆಡಿ. ವರ್ಷವೆಲ್ಲ ಮನೆಯಲ್ಲಿದ್ದು ಏಪ್ರಿಲ್‌ನಲ್ಲಿ ಒಮ್ಮೆಗೇ ಮೈದಾನಕ್ಕಿಳಿಯಬೇಡಿ. ಬಿಸಿಲಿಗೆ ದೇಹ ಒಗ್ಗಲು 7ರಿಂದ 14 ದಿನ ಬೇಕು, ದಿನಕ್ಕಿಷ್ಟು ಎಂದು ಹೊತ್ತು ಹೆಚ್ಚಿಸುತ್ತಾ ಹೋಗಿ. ಜ್ವರ, ಭೇದಿ ಇದ್ದ ವಾರ ಓಟ ಬೇಡ.

ಬಿಸಿಲಿಂದ ಬಂದವರಿಗೆ ಬೆಲ್ಲ, ನೀರು ಕೊಡುವ ರೂಢಿ ನಮ್ಮ ಮನೆಗಳಲ್ಲೇ ಇದೆ. ರಾಮನವಮಿಯ ಪಾನಕ, ಉಪ್ಪು ಹಾಕಿದ ನೀರು ಮಜ್ಜಿಗೆ ಎರಡೂ ಆಟಗಾರರಿಗೆ ಒಳ್ಳೆಯವು. ಓಆರ್‌ಎಸ್ ಬೇಕಾದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳೆಲ್ಲ ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಮತ್ತೆ ನಮ್ಮ ಓದುಗರ ಪ್ರಶ್ನೆಗೆ: ನಿಮ್ಮ ಮಗ ಫ್ರಿಜ್ ನೀರು ಕುಡಿಯಲಿ, ನಿಧಾನವಾಗಿ ಕುಡಿಯಲಿ. ಆಟ ಮುಗಿದ ಮೇಲೆ ಗೆಳೆಯರ ಜೊತೆ ಎಲ್ಲಿಗೆ ಹೋಗುತ್ತಾನೆ ಎಂದು ಮಾತ್ರ ಒಂದು ಸಲ ಕೇಳಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

"ಬಿಸಿಲಲ್ಲಿ ಆಡಿ ಬಂದವರು ತಣ್ಣೀರು ಕುಡಿಯಬಹುದು, ಕೈಕಾಲು ತೊಳೆಯಬಹುದು. ಆಡುವಾಗ ಯಾರಾದರೂ ತೊದಲಿದರೆ, ತೂರಾಡಿದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ, ಆ ಕ್ಷಣದಿಂದಲೇ ಮೈಮೇಲೆ ತಣ್ಣೀರು ಸುರಿಯಿರಿ. ಮಕ್ಕಳನ್ನು ಕೃಷಿ ಹೊಂಡ, ಕ್ವಾರಿ ಗುಂಡಿಗಳಿಂದ ದೂರ ಇಡಿ."