ಕಾರವಾರ ನೋಡಿ ಬರೋಣ: ಯುದ್ಧನೌಕೆ, ಕಾಂಡ್ಲಾ ಕಾಡು, ಕಡಲಾಮೆ – ಖಾಸಬಾಗದಿಂದ ಹೊರಡುವವರಿಗೆ ಮಾಹಿತಿ

ಖಾಸಬಾಗದ ಮಂದಿಗೆ ಸಮುದ್ರ ಅಂದರೆ ಮೊದಲು ನೆನಪಾಗೋದು ಗೋವಾ. ಆದರೆ ಮಕ್ಕಳಿಗೆ ಬೀಚ್ ಜತೆಗೆ ಯುದ್ಧನೌಕೆ, ಕಾಂಡ್ಲಾ ಕಾಡು, ನಸೀಬಿದ್ದರೆ ಡಾಲ್ಫಿನ್ ಎಲ್ಲ ತೋರಿಸಬೇಕು ಅಂದರೆ ಕಾರವಾರಕ್ಕೆ ಹೋಗಬೇಕು. ಅಲ್ಲಿ ನೋಡುವ ಜಾಗಗಳ ಹೆಸರು ಕೋಡಿಬಾಗ, ದೇವಬಾಗ. ಖಾಸಬಾಗದವರಿಗೆ ಹೆಸರಿನಲ್ಲೇ ನೆಂಟಸ್ತನ ಸಿಕ್ಕಂಗಾಯ್ತು.

ಹತ್ತಿರದ ದಾರಿ ಖಾನಾಪುರ, ರಾಮನಗರ, ಜೋಯಿಡಾ, ಅಣಶಿ ಘಟ್ಟ, ಕದ್ರಾ ಮೂಲಕ. ನೂರೈವತ್ತು ಕಿ.ಮೀ. ಮೀರುತ್ತದೆ. ಕಿಲೋಮೀಟರ್ ನೋಡಿ ಮೂರು ತಾಸು ಅಂತ ಲೆಕ್ಕ ಹಾಕಬೇಡಿ, ಘಟ್ಟದ ತಿರುವುಗಳಿಂದಾಗಿ ನಾಲ್ಕು ತಾಸಾದರೂ ಬೇಕು. ಜೋಯಿಡಾ ದಾಟಿದ ಮೇಲೆ ರಸ್ತೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೋಗುತ್ತದೆ. ಮೊಬೈಲ್ ನೆಟ್‌ವರ್ಕ್ ನಂಬಬೇಡಿ, ಪೆಟ್ರೋಲ್ ಮೊದಲೇ ಹಾಕಿಸಿಕೊಳ್ಳಿ. ರೈಲಿನಲ್ಲಿ ಹೋಗುವವರು ಲೋಂಡಾ ಮೇಲೆ ಮಡಗಾಂವ್ ತಲುಪಿ ಅಲ್ಲಿ ಕೊಂಕಣ ರೈಲ್ವೆ ಗಾಡಿ ಹಿಡಿಯಬಹುದು.

ರವಿವಾರ ಸಂತೆ ಮುಗಿಸಿ ಸೋಮವಾರ ಹೊರಡೋದು ನಮ್ಮ ಅಂಗಡಿಕಾರರ ರೂಢಿ. ಆದರೆ ಮ್ಯೂಸಿಯಂಗಳಿಗೆ ಬಹುತೇಕ ಕಡೆ ರಜೆ ಇರೋದೂ ಸೋಮವಾರವೇ. ತೆರೆದಿದೆಯೋ ಇಲ್ಲವೋ ಕೇಳಿಕೊಂಡೇ ಹೊರಡಿ.

ಚಪಲ್ ಕರಾಚಿಗೆ ಹೋಗಿತ್ತಾ?

ಟಾಗೋರ್ ಕಡಲತೀರದಲ್ಲಿ ನಿಂತಿರುವ ‘ಐಎನ್‌ಎಸ್ ಚಪಲ್’ ಮುಂದೆ ಫೋಟೋ ತೆಗೆಸಿಕೊಳ್ಳುವ ಹತ್ತರಲ್ಲಿ ಒಂಬತ್ತು ಮಂದಿ, ಇದು 1971ರಲ್ಲಿ ಕರಾಚಿ ಬಂದರು ಸುಟ್ಟ ಹಡಗು ಅಂತ ಮಕ್ಕಳಿಗೆ ಹೇಳುತ್ತಾರೆ. ಅದು ತಪ್ಪು. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಕ್ಷಿಪಣಿ ಹಾರಿಸಿದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಬೇರೆ ದೋಣಿಗಳು. ಅವೂ ಸೋವಿಯತ್ ರಷ್ಯಾದಲ್ಲಿ ಕಟ್ಟಿದವೇ, ಚಪಲ್ ಅದೇ ಜಾತಿಯ ಸುಧಾರಿತ ಮಾದರಿ. ಆ ದಾಳಿಯ ನೆನಪಿಗೇ ಡಿಸೆಂಬರ್ 4 ನೌಕಾಪಡೆ ದಿನ. ಚಪಲ್ 2005ರಲ್ಲಿ ನಿವೃತ್ತಿಯಾಗಿ, ಮರುವರ್ಷ ಇಲ್ಲಿ ಮ್ಯೂಸಿಯಂ ಆಯಿತು. ಉದ್ದ 40 ಮೀಟರಿಗೂ ಕಡಿಮೆ. ಇಷ್ಟು ಸಣ್ಣ ದೋಣಿ ನಾಲ್ಕು ಕ್ಷಿಪಣಿ ಹೊತ್ತು ಓಡಾಡುತ್ತಿತ್ತು ಅನ್ನೋದನ್ನು ಒಳಗೆ ಹೋಗಿ ಆ ಇಕ್ಕಟ್ಟು ಕೋಣೆ ನೋಡಿದರೇ ನಂಬಬೇಕು. ಮೆಟ್ಟಿಲು ಕಡಿದಾಗಿವೆ, ವಯಸ್ಸಾದವರು ಹುಷಾರು. ಪಕ್ಕದಲ್ಲೇ ಟುಪೊಲೆವ್ ಟಿಯು-142 ವಿಮಾನವಿದೆ. ಜಲಾಂತರ್ಗಾಮಿ ಹುಡುಕಲು 1988ರಿಂದ 2017ರವರೆಗೆ ಹಾರಾಡಿದ ದೈತ್ಯ ಅದು.

ನಿಜವಾದ ಗುಂಡಿನ ಚಕಮಕಿ ನಡೆದ ಜಾಗ ಬೇರೆ. ಬಿಣಗಾ ಎದುರಿನ ಅಂಜುದೀವ ದ್ವೀಪ 1961ರ ತನಕ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷ ನವೆಂಬರಿನಲ್ಲಿ ಅಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕ ಹಡಗಿನ ಮೇಲೆ ಗುಂಡು ಹಾರಿತು, ಆಮೇಲೆ ಒಬ್ಬ ಮೀನುಗಾರ ಗುಂಡಿಗೆ ಬಲಿಯಾದ. ಡಿಸೆಂಬರ್ 18ರ ಮುಂಜಾನೆ ನೌಕಾಪಡೆ ದ್ವೀಪಕ್ಕಿಳಿಯಿತು. ಕಾದಾಟದಲ್ಲಿ ನಮ್ಮ ಏಳು ಮಂದಿ ಸತ್ತರು. ಅದೇ ದಿನ ನಮ್ಮ ಸಾಂಬ್ರಾದಿಂದ ಹಾರಿದ ಹಂಟರ್ ವಿಮಾನಗಳು ಗೋವಾದ ಬಾಂಬೋಲಿಂ ರೇಡಿಯೋ ಕೇಂದ್ರದ ಮೇಲೆ ದಾಳಿ ಮಾಡಿದವು. ಗೋವಾಕ್ಕೆ ನುಗ್ಗುವ ಸೈನ್ಯ ಸೇರಿದ್ದೂ ಬೆಳಗಾವಿಯಲ್ಲೇ. ಈಗ ದ್ವೀಪ ನೌಕಾಪಡೆ ವಶದಲ್ಲಿದೆ, ಜನರಿಗೆ ಪ್ರವೇಶ ಇಲ್ಲ. ಐಎನ್‌ಎಸ್ ಕದಂಬ ನೌಕಾನೆಲೆಯ ಕಡೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಅಂತೂ ಮನೆಯಲ್ಲೇ ಬಿಟ್ಟು ಬನ್ನಿ.

ಆಮೆ, ಕಾಂಡ್ಲಾ

ಕೋಡಿಬಾಗ ಕಡೆ ಕಾಳಿ ನದಿ ಅಂಚಿನ ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆ ಮರದ ಕಾಲುದಾರಿ ಮಾಡಿದೆ. ನೀರು ಇಳಿದಾಗ ಹೋದರೆ ಕೆಸರಲ್ಲಿ ಏಡಿ, ಮೇಲೆದ್ದ ಉಸಿರು ಬೇರು, ಬೆಳ್ಳಕ್ಕಿ ಕಾಣುತ್ತವೆ. ಚಳಿಗಾಲದಿಂದ ಬೇಸಿಗೆ ಶುರುವಿನ ತನಕ ಆಲಿವ್ ರಿಡ್ಲಿ ಆಮೆಗಳು ಈ ಭಾಗದ ಮರಳಲ್ಲಿ ಮೊಟ್ಟೆ ಇಡುತ್ತವೆ. ಮರಿ ಹೊರಬರಲು ಸುಮಾರು ಒಂದೂವರೆ–ಎರಡು ತಿಂಗಳು ಬೇಕು. ಬಲೆ ಸುತ್ತಿದ ಗೂಡು ಕಂಡರೆ ದೂರ ನಿಲ್ಲಿ. ರಾತ್ರಿ ಮೊಬೈಲ್ ಬ್ಯಾಟರಿ ಹಚ್ಚಿದರೆ ಮರಿಗಳು ಸಮುದ್ರ ಬಿಟ್ಟು ಆ ಬೆಳಕಿನ ಕಡೆಗೇ ಹರಿದು ಬರುತ್ತವೆ. ತಿಂಡಿ ಉಳಿದದ್ದು ಮರಳಲ್ಲಿ ಬಿಸಾಕಿದರೆ ನಾಯಿಗಳು ಬರುತ್ತವೆ, ನಾಯಿಗಳು ಮೊಟ್ಟೆಯನ್ನೂ ಕೆದರುತ್ತವೆ.

ದೇವಬಾಗಕ್ಕೆ ರಸ್ತೆಯಲ್ಲಿ ಹೋಗಬೇಕಾದರೆ ಕಾಳಿ ಸೇತುವೆ ದಾಟಿ ಸದಾಶಿವಗಡದ ಮೇಲೆ ಹಾಯಬೇಕು. ಇಲ್ಲಿದ್ದ ಎರಡು ಸೇತುವೆಗಳಲ್ಲಿ ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು.

ದೋಣಿ ಹತ್ತುವ ಮುಂಚೆ

ಇದನ್ನು ಸ್ವಲ್ಪ ನಿಂತು ಓದಿ. 2019ರ ಜನವರಿ 21ರಂದು ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆ ಮುಗಿಸಿ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯವರು ಬಹಳ ಜನ. ಸಮುದ್ರ ನೋಡದೆ ಬೆಳೆದ ನಮ್ಮಂಥ ಒಳನಾಡಿನವರು. ಕೆರೆಯಲ್ಲಿ ಈಜು ಕಲಿತವನಿಗೆ ಕಡಲಿನ ಸೆಳೆತ ಗೊತ್ತಿರೋದಿಲ್ಲ. ಆದ್ದರಿಂದ ಡಾಲ್ಫಿನ್ ನೋಡಲು ಹೋಗುವಾಗ ಮೊದಲು ಲೈಫ್ ಜಾಕೆಟ್ ಕೇಳಿ, ಮಕ್ಕಳ ಅಳತೆಯದೂ ಇದೆಯಾ ನೋಡಿ. ದೋಣಿಯಲ್ಲಿ ಎಷ್ಟು ಮಂದಿ ಅಂತ ನೀವೇ ಎಣಿಸಿ. ‘ಹತ್ತೇ ನಿಮಿಷದ ದಾರಿ ರೀ, ಏನಾಗಲ್ಲ’ ಅಂದರೆ ಇಳಿದುಬಿಡಿ, ರೊಕ್ಕ ಹೋದರೆ ಹೋಗಲಿ. ಡಾಲ್ಫಿನ್ ಕಂಡಾಗ ಎಲ್ಲರೂ ಒಂದೇ ಕಡೆ ವಾಲಬೇಡಿ. ಕಾಳಿ ನದಿ ಸಮುದ್ರ ಸೇರುವ ಬಾಯಿಯಲ್ಲಿ ಈಜಲು ಇಳಿಯಲೇಬೇಡಿ. ಮಳೆಗಾಲದ ನಾಲ್ಕು ತಿಂಗಳು ದೋಣಿ ವಿಹಾರದ ಆಸೆಯೇ ಬೇಡ.

ಹೋಗಲು ಒಳ್ಳೆ ಕಾಲ ನವೆಂಬರ್‌ನಿಂದ ಫೆಬ್ರವರಿ. ಒಂದೇ ದಿನದಲ್ಲಿ ಮುಗಿಸುವವರು ಮುಂಜಾನೆ ಐದಕ್ಕೆ ಬಿಡಬೇಕು. ವಾಪಸ್ ಕಾರವಾರದಿಂದ ಮಧ್ಯಾಹ್ನ ಮೂರರೊಳಗೆ ಹೊರಟರೆ ಬೆಳಕಿರುವಾಗಲೇ ಅಣಶಿ ಘಟ್ಟ ಹತ್ತಿ ಜೋಯಿಡಾ ದಾಟಬಹುದು. ಸೂರ್ಯ ಮುಳುಗೋದು ನೋಡಲೇಬೇಕು ಅನ್ನುವವರು ಒಂದು ರಾತ್ರಿ ಅಲ್ಲೇ ಉಳಿಯಿರಿ.