ರಕ್ತದ ಕಬ್ಬಿಣವೂ ಅದರ ಪರೀಕ್ಷೆಯೂ

ಹರಿಹರದಲ್ಲಿರುವ ನಮ್ಮ ಅತ್ತಿಗೆಯವರು ಒಂದು ವರ್ಷ ಕಾಲ ನಿಶ್ಶಕ್ತಿಯಿಂದ ಬಳಲಿದರು. ಮುಖ ಬಿಳಿಚಿತ್ತು, ಸಂಜೆಯಾದರೆ ಸಣ್ಣಗೆ ಜ್ವರ. ರಕ್ತ ಕಡಿಮೆಯೆಂದು ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದ್ದಾಯಿತು; ಗುಣ ಕಾಣಲಿಲ್ಲ. ಕೊನೆಗೆ ದಾವಣಗೆರೆಯ ವೈದ್ಯರೊಬ್ಬರು ರಕ್ತವನ್ನು ಬೇರೆ ಬಗೆಯಲ್ಲಿ ಪರೀಕ್ಷೆ ಮಾಡಿಸಿ, "ಇವರ ಮೈಯಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಕಣಜಕ್ಕೆ ಬೀಗ ಬಿದ್ದಿದೆ. ಏಕೆ ಬಿತ್ತೆಂದು ನೋಡೋಣ" ಎಂದರು. ನೋಡಿದಾಗ ಸಿಕ್ಕಿದ್ದು ಬೆನ್ನುಮೂಳೆಯ ಕ್ಷಯ. ಆ ಒಂದು ಮಾತಿನ ಹಿಂದೆ ಎಷ್ಟು ಕಾಲದ ಪರಿಶ್ರಮವಿದೆಯೆಂದು ಅರಿಯುವ ಕುತೂಹಲ ನನಗುಂಟಾಯಿತು.

ಬಿಳಿಚಿದವರಿಗೆ ಲೋಹವನ್ನು ಕೊಡುವುದು ನಮಗೆ ಹೊಸದಲ್ಲ. ಚರಕಸಂಹಿತೆಯಲ್ಲಿ ಪಾಂಡುರೋಗದ ಚಿಕಿತ್ಸೆಗೆ ಒಂದು ಅಧ್ಯಾಯವೇ ಮೀಸಲಾಗಿದೆ. ನವಾಯಸ ಚೂರ್ಣವೂ ಮಂಡೂರವೂ ಅಲ್ಲಿ ಬರುತ್ತವೆ. ಮಂಡೂರವೆಂದರೆ ಕಬ್ಬಿಣದ ಕಿಟ್ಟ. ಆದರೆ ರಕ್ತದಲ್ಲಿಯೇ ಕಬ್ಬಿಣವುಂಟೆಂಬುದು ಪ್ರಯೋಗದಿಂದ ಸಿದ್ಧವಾದದ್ದು 18ನೆಯ ಶತಮಾನದಲ್ಲಿ. ರಕ್ತವನ್ನು ಸುಟ್ಟ ಬೂದಿಯ ಕಣಗಳನ್ನು ಸೂಜಿಗಲ್ಲು ಸೆಳೆಯುವುದೆಂದು ಇಟಲಿಯ ಮೆಂಗಿನಿ ತೋರಿಸಿದನು.

ಮುಂದೆ ಹಿಮೋಗ್ಲೋಬಿನ್ ಅಳೆಯುವ ಉಪಕರಣಗಳು ಬಂದವು. ಅವು ರಕ್ತ ಎಷ್ಟು ಕಡಿಮೆಯೆಂದು ಹೇಳಿದವೇ ಹೊರತು ಏಕೆ ಕಡಿಮೆಯೆಂದು ಹೇಳಲಿಲ್ಲ. ಬಹುಕಾಲದ ಸೋಂಕಿನವರಲ್ಲಿ ರಕ್ತರಸದ ಕಬ್ಬಿಣ ಇಳಿಯುವುದು ಕಂಡುಬಂದಾಗ ಸಮಸ್ಯೆ ಇನ್ನೂ ಜಟಿಲವಾಯಿತು. ಅಮೆರಿಕದ ಯೂಟಾದಲ್ಲಿ ಕಾರ್ಟ್‌ರೈಟ್ ಮತ್ತು ವಿಂಟ್ರೋಬ್ 1946ರಲ್ಲಿ ಪ್ರಕಟಿಸಿದ ಲೇಖನಮಾಲೆ ಇದನ್ನೇ ಕುರಿತದ್ದು. ಊಟದಲ್ಲಿ ಕಬ್ಬಿಣ ಸಾಲದವರಲ್ಲಿಯೂ ರಕ್ತರಸದ ಕಬ್ಬಿಣ ಕಡಿಮೆ, ಸೋಂಕಿನವರಲ್ಲಿಯೂ ಕಡಿಮೆ. ಮೊದಲನೆಯವರ ಕಣಜ ಬರಿದು, ಎರಡನೆಯವರ ಕಣಜ ತುಂಬಿದೆ. ಹೊರಗೆ ನಿಂತು ಇವೆರಡನ್ನು ಬೇರ್ಪಡಿಸುವುದು ಹೇಗೆ?

ಕಣಜದ ಹೆಸರು ಫೆರಿಟಿನ್. ಲೌಫ್‌ಬರ್ಗರ್ ಎಂಬ ಚೆಕ್ ವಿದ್ವಾಂಸನು 1937ರಲ್ಲಿ ಕುದುರೆಯ ಗುಲ್ಮದಿಂದ ಅದನ್ನು ಬೇರ್ಪಡಿಸಿದ್ದನು. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಪ್ರಾರಂಭವಾದ 1965ರಲ್ಲಿ ಅದನ್ನು ರಕ್ತರಸದಲ್ಲಿ ಅಳೆಯುವ ನೆಚ್ಚಿನ ವಿಧಾನ ಇನ್ನೂ ಬಂದಿರಲಿಲ್ಲ. 1972ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನವರು ಆ ವಿಧಾನವನ್ನು ಸಿದ್ಧಪಡಿಸಿದರು. ಅಂದಿನಿಂದ ಎಲುಬಿನ ಮಜ್ಜೆಯನ್ನು ಚುಚ್ಚಿ ತೆಗೆಯದೆ, ತೋಳಿನ ರಕ್ತದಿಂದಲೇ ಕಣಜದ ಅಂದಾಜು ದೊರೆಯುವಂತಾಯಿತು.

ಇಲ್ಲಿಯೂ ಒಂದು ತೊಡಕುಂಟು. ಉರಿಯೂತವಿದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಆದ್ದರಿಂದ ಉರಿಯೂತದ ಕುರುಹಾದ ಸಿ.ಆರ್.ಪಿ.ಯನ್ನೂ ಜೊತೆಯಲ್ಲಿ ನೋಡಬೇಕು. ಇದನ್ನು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಹಿಡಿದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ, ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಫೆರಿಟಿನ್ ಇದ್ದರೆ ಕಬ್ಬಿಣದ ಕೊರತೆ; ಸೋಂಕು, ಉರಿಯೂತ ಇದ್ದವರಲ್ಲಿ ಈ ಎಲ್ಲೆ 70.

ಬೀಗವನ್ನು ಹಾಕುವವರಾರೆಂಬುದು ತಿಳಿದದ್ದು ಈ ಶತಮಾನದ ಆರಂಭದಲ್ಲಿ. ಯಕೃತ್ತು ಹೆಪ್ಸಿಡಿನ್ ಎಂಬ ರಸವನ್ನು ಸೋಂಕಿನ ಕಾಲದಲ್ಲಿ ಹೆಚ್ಚಾಗಿ ಸುರಿಸುತ್ತದೆ. ಕರುಳಿನಿಂದಲೂ ಕಣಜದಿಂದಲೂ ಕಬ್ಬಿಣ ಹೊರಬರುವ ಬಾಗಿಲನ್ನು ಅದು ಮುಚ್ಚುವುದೆಂದು 2004ರಲ್ಲಿ ಸ್ಪಷ್ಟವಾಯಿತು. ರೋಗಾಣುಗಳಿಗೂ ಕಬ್ಬಿಣ ಬೇಕು. ಶತ್ರುವಿಗೆ ಧಾನ್ಯ ಸಿಗದಂತೆ ಕೋಟೆಯವರು ಕಣಜ ಮುಚ್ಚುತ್ತಾರೆ. ಮುತ್ತಿಗೆ ಬಹುಕಾಲ ನಡೆದರೆ ಒಳಗಿನವರೇ ಉಪವಾಸ ಬೀಳುತ್ತಾರೆ.

ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹ. ಈ ಎರಡು ಬಗೆಯ ರಕ್ತಹೀನತೆಗಳೂ ಹಾಗೆಯೇ ಒಂದೇ ಮೈಯಲ್ಲಿ ಸೇರಿರಬಹುದು. ಅದಕ್ಕಾಗಿಯೇ ಒಂದು ಅಂಕಿಯನ್ನು ಕಂಡು ತೀರ್ಮಾನಿಸದೆ ಎಲ್ಲವನ್ನೂ ಒಟ್ಟಿಗೆ ನೋಡಬೇಕು.

ಅತ್ತಿಗೆಯವರಿಗೆ ಕ್ಷಯದ ಔಷಧಿ ನಡೆಯಿತು. ಜ್ವರ ಬಿಟ್ಟಿತು, ಕೆಲವು ತಿಂಗಳಲ್ಲಿ ಮುಖಕ್ಕೆ ಕಳೆ ಬಂದಿತು. ಕಬ್ಬಿಣದ ಮಾತ್ರೆ ಕೆಟ್ಟದ್ದಲ್ಲ. ಕೊರತೆಯುಳ್ಳವರಿಗೆ ಅದು ಸಂಜೀವಿನಿ. ಆದರೆ ವೈದ್ಯರು ಹೇಳಿದಂತೆ ನುಂಗಿಯೂ ರಕ್ತ ಏರದಿದ್ದರೆ, ಸಣ್ಣ ಜ್ವರವೋ ಕೀಲುನೋವೋ ಬಿಡದಿದ್ದರೆ, ಇನ್ನೊಂದು ಡಬ್ಬಿ ಮಾತ್ರೆ ಕೊಳ್ಳುವ ಮೊದಲು ವೈದ್ಯರ ಬಳಿಗೆ ಮರಳಿ ಹೋಗುವುದು ಒಳಿತು.