ಉಕ್ಕಿನ ಮೈಬಣ್ಣ

ಹೈದರಾಬಾದಿನ ಅಬಿಡ್ಸ್ ಪಕ್ಕದಲ್ಲಿ ಗನ್‌ಫೌಂಡ್ರಿ ಎಂಬ ಬಡಾವಣೆ ಇದೆ. ಹಳಬರ ಬಾಯಲ್ಲಿ ಅದು ‘ತೋಪ್ ಕಾ ಸಾಂಚಾ’, ಅಂದರೆ ಫಿರಂಗಿಯ ಅಚ್ಚು. ನಿಜಾಮ್ ಅಲಿ ಖಾನರ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ 1795ರಲ್ಲಿ ಇಲ್ಲಿ ಫಿರಂಗಿ ಎರಕದ ಕಾರ್ಖಾನೆ ಕಟ್ಟಿಸಿದ. ಮೂರೇ ವರ್ಷಕ್ಕೆ ಅವನು ತೀರಿಕೊಂಡ. ಅದೇ ವರ್ಷ ಇಂಗ್ಲಿಷರು ಅವನ ಪಡೆಯ ಆಯುಧ ಕಸಿದು ಅದನ್ನು ವಿಸರ್ಜಿಸಿದರು. ಮುಂದೆ ರಿವಾಲ್ವರ್ ಕಾಲ ಬಂದಾಗ ನಿಜಾಮರ ಊರಿಗೆ ಅವು ಬಂದದ್ದು ಹೊರಗಿನಿಂದ: ಬರ್ಮಿಂಗ್‌ಹ್ಯಾಮಿನ ವೆಬ್ಲಿ, ಅಮೆರಿಕದ ಕೋಲ್ಟ್, ಸ್ಮಿತ್ ಅಂಡ್ ವೆಸನ್.

ಅಂಥ ಹಳೆಯ ರಿವಾಲ್ವರುಗಳು ಇಂದಿಗೂ ಲೈಸೆನ್ಸ್ ಇದ್ದವರ ನಡುವೆ ಕೈ ಬದಲಾಯಿಸುತ್ತಿವೆ. 1980ರ ದಶಕದಲ್ಲಿ ಖಾಸಗಿಯವರ ಬಂದೂಕು ಆಮದಿಗೆ ಸರ್ಕಾರ ತಡೆ ಹಾಕಿದ ಮೇಲೆ ಇದ್ದವಕ್ಕೇ ಬೆಲೆ ಏರಿತು. ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ಈ ನೀಲಿಗಪ್ಪು ಕಾರ್ಖಾನೆಯದೋ, ಆಮೇಲೆ ಯಾರೋ ಹಾಕಿಸಿದ್ದೋ?

ಲೋಹದ ಮೈ ಅಸಲಿಯೇ ಎಂಬ ಈ ವಿಚಾರಣೆ ದಖ್ಖನ್ನಿಗೆ ಹೊಸದಲ್ಲ. ರಿವಾಲ್ವರ್ ಹುಟ್ಟುವುದಕ್ಕೆ ಮೊದಲೇ ಇಲ್ಲಿ ಕತ್ತಿಯ ಮೈಯನ್ನು ಹಾಗೆಯೇ ಓದುತ್ತಿದ್ದರು. ಈಗಿನ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ ಎಂಬ ಹಳ್ಳಿಯಲ್ಲಿ ಎರಡು ಬಗೆಯ ಕಬ್ಬಿಣ ಬೆರೆಸಿ, ಮಣ್ಣಿನ ಮೂಸೆಯಲ್ಲಿಟ್ಟು, ತಿದಿಯೊತ್ತಿ ಕಾಯಿಸಿ ಉಕ್ಕು ಇಳಿಸುತ್ತಿದ್ದರು. ಅದನ್ನು ಕೊಳ್ಳಲು ಇರಾನಿನ ಇಸ್ಫಹಾನಿನಿಂದ ವ್ಯಾಪಾರಿಗಳು ಬರುತ್ತಿದ್ದರು. ಮಹಾ ತ್ರಿಕೋನಮಿತಿ ಸರ್ವೆಯ ವೈದ್ಯ, ಭೂವಿಜ್ಞಾನಿ ಹೆನ್ರಿ ವಾಯ್ಸಿ ಇದನ್ನು ಕಣ್ಣಾರೆ ಕಂಡು ಬರೆದಿಟ್ಟ. ಅವನು ಸತ್ತ ಮೇಲೆ, 1832ರಲ್ಲಿ, ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಇಂಗ್ಲಿಷರು ಈ ಲೋಹವನ್ನು ‘ವೂಟ್ಸ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಶಬ್ದವೇ ಅವರ ನಾಲಗೆಯಲ್ಲಿ ತಿರುಚಿಕೊಂಡದ್ದು ಎಂಬುದು ಬಹುಮಂದಿ ಒಪ್ಪುವ ಮಾತು.

ಆ ಉಕ್ಕಿನ ಕತ್ತಿಯನ್ನು ಉಜ್ಜಿ, ಅನ್ನಭೇದಿ ಕರಗಿಸಿದ ನೀರು ಸವರಿದರೆ ಮೈಮೇಲೆ ನೀರಲೆಯಂಥ ಗೆರೆಗಳು ಏಳುತ್ತವೆ. ಪಾರಸಿ, ಉರ್ದು ಬಲ್ಲವರು ಅದನ್ನು ಜೌಹರ್ ಎನ್ನುತ್ತಾರೆ. ಕಳ್ಳಮಾಲು ಆಗಲೂ ಇತ್ತು. ಸಾದಾ ಉಕ್ಕಿನ ಮೇಲೆ ಆಮ್ಲದಿಂದ ಗೆರೆ ಬರೆದು ಮಾರುವವರಿದ್ದರು. ಆದರೆ ಪರೀಕ್ಷೆ ಸುಲಭ. ಬರೆದ ಗೆರೆ ಒಂದು ಸಲ ಉಜ್ಜಿದರೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ನಿಜವಾದ ಜೌಹರ್ ಉಕ್ಕಿನ ಒಳಗೇ, ಇಂಗಾಲ ಕೂಡಿಕೊಂಡ ಪದರುಗಳಲ್ಲಿ ಇರುವುದರಿಂದ, ಉಜ್ಜಿ ಮತ್ತೆ ಅನ್ನಭೇದಿ ಸವರಿದರೆ ಅದೇ ಅಲೆ ಅದೇ ಜಾಗದಲ್ಲಿ ಏಳುತ್ತದೆ.

ಬೀದರಿನ ಬಿದ್ರಿಯದು ಬೇರೆ ಲೆಕ್ಕ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದ್ದೇ ಊರು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಬಿದ್ರಿಯ ಹುಕ್ಕಾ, ಹೂಜಿಗಳ ಮುಂದೆ ಜನ ನಿಂತೇ ಹೋಗುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಕೊರೆದು, ಬೆಳ್ಳಿ ತುಂಬಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿನೀರಿನಲ್ಲಿ ಅದ್ದುತ್ತಾರೆ. ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಪ್ಪು ಮೇಲಿನ ತೊಗಲು ಮಾತ್ರ. ಆದರೂ ಮಾಸಿದಾಗ ಅದೇ ಕಸಬಿನವರು ಅದೇ ಮಣ್ಣಿನಿಂದ ಅದನ್ನು ಮರಳಿ ತರಬಲ್ಲರು. ಬಣ್ಣ ಬಳಿದ ನಕಲಿಯಲ್ಲಿ ಕಪ್ಪು ಬೆಳ್ಳಿಯ ಅಂಚಿನ ಮೇಲೆ ಹರಿದಿರುತ್ತದೆ. ಅಸಲಿಯಲ್ಲಿ ಗೆರೆ ಕತ್ತರಿಸಿದಂತೆ ನಿಲ್ಲುತ್ತದೆ.

ರಿವಾಲ್ವರಿನ ನೀಲಿ ಹೀಗೆ ಮರಳುವುದಿಲ್ಲ. ಬ್ಲೂಯಿಂಗ್ ಎಂದರೆ ಬಣ್ಣ ಬಳಿಯುವುದಲ್ಲ, ಉಕ್ಕಿನ ಮೇಲ್ಮೈಯನ್ನೇ ಕಪ್ಪು ಆಕ್ಸೈಡಾಗಿ ಮಾರ್ಪಡಿಸುವುದು. ಕೂದಲೆಳೆಗಿಂತ ಎಷ್ಟೋ ತೆಳುವಾದ ಪದರ. ಹಿಂದಿನ ಕಾರ್ಖಾನೆಗಳಲ್ಲಿ ಉಕ್ಕಿಗೆ ಕನ್ನಡಿಯಂಥ ಪಾಲಿಶ್ ಕೊಟ್ಟು, ಇದ್ದಿಲಿನ ಕುಲುಮೆಯಲ್ಲಿ ಕಾಯಿಸಿ ಆ ಆಳವಾದ ನೀಲಿ ಬರಿಸುತ್ತಿದ್ದರು. ಆಮೇಲೆ ಕಾಸ್ಟಿಕ್ ಸೋಡಾ, ನೈಟ್ರೇಟ್ ಕುದಿಯುವ ತೊಟ್ಟಿಯಲ್ಲಿ ಅದ್ದುವ ಕ್ರಮ ಬಂತು. ಅಗ್ಗ, ಬೇಗ, ಎಲ್ಲ ಕಡೆ ಒಂದೇ ಕಪ್ಪು. 1914ರಲ್ಲಿ ಹೊರಬಂದ ರಿವಾಲ್ವರಿನ ಮೇಲೆ ಈ ತೊಟ್ಟಿಯ ಕಪ್ಪು ಕಂಡರೆ ಅದು ನಂತರದ ಕೈ ಎಂದೇ ತಿಳಿಯಬೇಕು.

ಆದರೆ ಬಣ್ಣಕ್ಕಿಂತ ಹೆಚ್ಚು ಹೇಳುವುದು ಅದರ ಕೆಳಗಿನ ಲೋಹ. ಗುಂಡು ಇಲ್ಲವೆಂದು ಎರಡು ಸಲ ನೋಡಿಕೊಂಡು, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಹಿಡಿಯಬೇಕು. ಕಾರ್ಖಾನೆಯ ಚಪ್ಪಟೆ ಭಾಗ ಚಪ್ಪಟೆಯಾಗಿಯೇ, ಅಂಚು ಚೂಪಾಗಿಯೇ ಇರುತ್ತದೆ. ಬಫ್ ಚಕ್ರಕ್ಕೆ ಕೊಟ್ಟದ್ದಾದರೆ ಅಂಚು ಸಾಬೂನಿನ ಬಿಲ್ಲೆಯಂತೆ ಸವೆದು ದುಂಡಗಾಗಿರುತ್ತದೆ, ಸ್ಕ್ರೂ ತೂತಿನ ಸುತ್ತ ಲೋಹ ಬಟ್ಟಲಿನಂತೆ ತಗ್ಗಿರುತ್ತದೆ. ಕಂಪನಿಯ ಹೆಸರಿನ ಅಕ್ಷರ, ಕಲ್ಕತ್ತದ ಮಾಂಟನ್ ಅಥವಾ ರೊಡ್ಡಾದಂಥ ಅಂಗಡಿಯ ಹೆಸರು, ಒಂದು ಬದಿಗೆ ಮಸುಕಾಗಿ ಕಾಣುತ್ತದೆ. ತುಕ್ಕು ತಿಂದ ಗುಳಿಗಳ ಒಳಗೂ ಹೊಸ ನೀಲಿ ಹೊಳೆಯುತ್ತಿದ್ದರೆ ಮುಂದೆ ಕೇಳುವುದೇ ಬೇಡ: ಗುಳಿ ಮೊದಲು, ಬಣ್ಣ ಆಮೇಲೆ.

ಸ್ಮಿತ್ ಅಂಡ್ ವೆಸನ್ನಿನ ಹಳೆಯ ರಿವಾಲ್ವರುಗಳಲ್ಲಿ ಇನ್ನೊಂದು ಗುರುತಿದೆ. ಅವುಗಳ ಹ್ಯಾಮರ್, ಟ್ರಿಗರ್ ನೀಲಿಯಲ್ಲ. ಗಟ್ಟಿ ಮಾಡುವಾಗ ಮೂಡಿದ ಬೂದು, ಕಂದು, ತಿಳಿನೀಲಿಯ ಕಲೆಗಳು ಎಣ್ಣೆ ಬಿದ್ದ ನೀರಿನಂತೆ ಹರಡಿರುತ್ತವೆ. ಅವೂ ಮೈಯಂತೆಯೇ ಕಪ್ಪಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ತೊಟ್ಟಿಗೆ ಅದ್ದಿದ್ದಾರೆ ಎಂದರ್ಥ. ಹಿಡಿಯ ಮರ ಬಿಚ್ಚಿದರೆ ಬೆವರು, ಬೆಳಕು ತಾಕದ ಜಾಗ ಸಿಗುತ್ತದೆ. ಮೊದಲ ನೀಲಿ ಉಳಿದಿದ್ದರೆ ಅಲ್ಲಿ ಉಳಿದಿರುತ್ತದೆ. ರಿವಾಲ್ವರ್ ದುರಸ್ತಿಗೆಂದು ಕಂಪನಿಗೇ ಮರಳಿ ಹೋಗಿ ಬಂದಿದ್ದರೆ ಸಂಖ್ಯೆಯ ಬಳಿ ಒಂದು ಸಣ್ಣ ನಕ್ಷತ್ರ ಒತ್ತಿರುವುದುಂಟು.

ನಿಜವಾದ ಸವೆತಕ್ಕೂ ಒಂದು ಕ್ರಮವಿದೆ. ಚರ್ಮದ ಚೀಲ ಉಜ್ಜಿದ ನಳಿಕೆಯ ತುದಿ, ಸಿಲಿಂಡರಿನ ಮುಂದಿನ ಅಂಚು, ಅಂಗೈ ಕೂರುವ ಹಿಡಿಯ ಬೆನ್ನು ಬೆಳ್ಳಗಾಗುತ್ತವೆ. ಉಳಿದ ಕಡೆ ನೀಲಿ ಮೆಲ್ಲಗೆ ಕಂದಿಗೆ ತಿರುಗುತ್ತದೆ. ನೂರು ವರ್ಷದ ರಿವಾಲ್ವರಿಗೆ ಈ ಬೋಳು ಮೈಯೇ ಚೆಂದ. ಹೊಸ ಹೊಳಪು ಕೊಟ್ಟದ್ದಕ್ಕಿಂತ ಅದಕ್ಕೆ ಬಲ್ಲವರು ಹೆಚ್ಚು ಬೆಲೆ ಕೊಡುವುದು ನ್ಯಾಯವೇ.

ಇದರಲ್ಲಿ ಕಾನೂನಿನ ಮಾತೂ ಇದೆ. 1959ರ ಆಯುಧ ಕಾಯ್ದೆಯ 8ನೇ ಕಲಮಿನ ಪ್ರಕಾರ ಬಂದೂಕಿನ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು ಅಪರಾಧ. ದುರಸ್ತಿಯ ಕಸಬಿಗೂ ಲೈಸೆನ್ಸ್ ಬೇಕು. ಮೆರುಗಿನ ಆಸೆಗೆ ಬಫ್ ಚಕ್ರಕ್ಕೆ ಒಡ್ಡಿ ಸಂಖ್ಯೆ ಸವೆಸಿಕೊಂಡವರು ಇತಿಹಾಸವನ್ನಷ್ಟೇ ಕಳೆದುಕೊಳ್ಳುವುದಿಲ್ಲ.

ಆಯುಧಪೂಜೆ ಬಂದರೆ ನಮ್ಮ ಮನೆಗಳಲ್ಲಿ ಹುಣಸೆಹಣ್ಣು, ಬೂದಿ, ಉಪ್ಪುಕಾಗದ ಹೊರಬರುತ್ತವೆ. ಪಾತ್ರೆಗೆ ಅದು ಸರಿ. ಅಜ್ಜನ ಕತ್ತಿಗೆ, ಕೋವಿಗೆ, ರಿವಾಲ್ವರಿಗೆ ದಯವಿಟ್ಟು ಬೇಡ. ಎಣ್ಣೆ ಸವರಿದ ಮೆತ್ತನೆಯ ಬಟ್ಟೆಯಿಂದ ಒಮ್ಮೆ ಒರೆಸಿ, ಹೂವಿಟ್ಟು, ಹಾಗೇ ಒಳಗಿಡಿ.